ಬೆಟ್ಟ ಹತ್ತಿದ ಸುದ್ದಿ

ಮಲೆನಾಡಿನಲ್ಲಿ ಒಂದೂರಿಗೂ ಇನ್ನೊಂದೂರಿಗೂ ನಡುವಣ ದೂರವನ್ನು ಮೈಲಿಗಳಲ್ಲಿ ಅಳೆದು ಪ್ರಯೋಜನವಿಲ್ಲವೆಂಬುದು ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ಗುಡ್ಡದ ಆಚೆಗಿನ ಊರು ಕೂಗಳತೆಯಲ್ಲಿಯೇ ಇದ್ದರೂ, ಆಷಾಢದ ಮಳೆಯಲ್ಲಿ ಹಳ್ಳ ಉಕ್ಕಿ ಕಾಲುಸಂಕ ಕೊಚ್ಚಿಹೋಯಿತೆಂದರೆ ಅದು ಕಾಶಿಗಿಂತಲೂ ದೂರ. ಅಲ್ಲಿ ಯಾರೋ ತೀರಿಕೊಂಡ ವಾರ್ತೆ ಇಲ್ಲಿಗೆ ಮುಟ್ಟುವ ವೇಳೆಗೆ ತಿಥಿಯೂ ಮುಗಿದು ನೆಂಟರು ಊರು ಸೇರಿರುತ್ತಿದ್ದರು. ಆದ್ದರಿಂದ ಅಲ್ಲಿನ ದೂರಕ್ಕೆ ನಿಜವಾದ ಅಳತೆಗೋಲು ಒಂದೇ ಆಗಿತ್ತು: ಸುದ್ದಿ ಬಂದು ತಲಪಲು ಎಷ್ಟು ದಿನ ಹಿಡಿಯುತ್ತದೆ?

ಸುದ್ದಿ ತಡವಾಗಿ ಬರುವ ನಾಡಿನಲ್ಲಿ ಮೊದಲು ತಿಳಿದವನೇ ದೊಡ್ಡವನು. ಕಾಫಿಯ ದರ ಏರಿದ್ದು ವ್ಯಾಪಾರಿಗೆ ಮೊದಲು ತಿಳಿಯುತ್ತಿತ್ತು, ಬೆಳೆಗಾರನಿಗೆ ಆಮೇಲೆ. ಪಹಣಿಯಲ್ಲಿ ಯಾರ ಹೆಸರು ಕೂತಿದೆಯೆಂಬುದು ಶಾನುಭೋಗರಿಗೆ ಮೊದಲು ತಿಳಿಯುತ್ತಿತ್ತು, ಉಳುವವನಿಗೆ ಆಮೇಲೆ. ಆನೆ ಯಾವ ತೋಟದಲ್ಲಿ ನಿಂತಿದೆಯೆಂಬುದು ಮಾತ್ರ ಯಾರಿಗೂ ಮುಂಚಿತವಾಗಿ ತಿಳಿಯುತ್ತಿರಲಿಲ್ಲ; ಎದುರು ಸಿಕ್ಕವನಿಗೆ ತಿಳಿಯುತ್ತಿತ್ತು, ಆದರೆ ಅದನ್ನು ಹಿಂದಿರುಗಿ ಬಂದು ಹೇಳುವ ಅವಕಾಶ ಅವನಿಗೆ ಯಾವಾಗಲೂ ದೊರೆಯುತ್ತಿರಲಿಲ್ಲ. ಈಗ ಈ ಮೂರು ಸುದ್ದಿಗಳೂ ಅಂಗೈಯಗಲದ ಒಂದು ಗಾಜಿನ ಮೇಲೆ ಬಂದು ಕೂರುತ್ತವೆ. ಪೇಟೆಯ ಜನ ಡಿಜಿಟಲ್ ಯುಗವೆಂದು ದೊಡ್ಡ ಮಾತಿನಲ್ಲಿ ಕರೆಯುವುದು ಬೆಟ್ಟದ ಮೇಲೆ ಕಾಣಿಸಿಕೊಂಡಿರುವುದು ಈ ರೂಪದಲ್ಲಿ. ಇದರಿಂದ ಚಿಕ್ಕವನು ದೊಡ್ಡವನಾದನೆ, ದೊಡ್ಡವನು ಇನ್ನಷ್ಟು ದೊಡ್ಡವನಾದನೆ ಎಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕುಳಿತು ಬಿಡಿಸುವುದಕ್ಕಿಂತ ಹೆಗ್ಗದ್ದೆಯಂಥ ಊರಿನಲ್ಲಿ ನಿಂತು ನೋಡುವುದು ಲೇಸು.

ಸಕಲೇಶಪುರವನ್ನು ಬಿಟ್ಟು ಮಂಗಳೂರಿನ ಕಡೆಗೆ ಹೊರಟ ಹೆದ್ದಾರಿ ಆನೆಮಹಲು, ದೋಣಿಗಾಲ್‌ಗಳನ್ನು ದಾಟಿ ಶಿರಾಡಿ ಘಾಟಿಯ ಇಳಿಜಾರಿಗೆ ಬಾಗುವ ಎಡೆಯಲ್ಲಿ ಹೆಗ್ಗದ್ದೆ ಸಿಗುತ್ತದೆ. ಹಿರಿದಾದ ದಾರಿ ಹೆದ್ದಾರಿ. ಹಿರಿದಾದ ಗದ್ದೆ ಹೆಗ್ಗದ್ದೆ. ವ್ಯಾಕರಣದ ಪ್ರಕಾರ ಇಬ್ಬರದೂ ಒಂದೇ ಮನೆತನ. ಆದರೆ ಬಹುಕಾಲ ಈ ದಾಯಾದಿಗಳ ನಡುವೆ ಮಾತುಕತೆ ಇರಲಿಲ್ಲವೆನ್ನಬೇಕು. ಲೋಕದ ಸರಕೆಲ್ಲ ಲಾರಿಗಳಲ್ಲಿ ಮನೆಯ ಮುಂದೆಯೇ ಹಗಲಿರುಳು ಹರಿದುಹೋಗುತ್ತಿದ್ದರೂ, ಆ ಲೋಕದಲ್ಲಿ ಏನು ನಡೆಯುತ್ತಿದೆಯೆಂಬುದು ಗುಡ್ಡದ ಒಳಗಿನ ಮನೆಗಳಿಗೆ ತಿಳಿಯುತ್ತಿದ್ದುದು ಬಸ್ಸಿನವನು ಎಸೆದು ಹೋದ ಪತ್ರಿಕೆಯಿಂದ. 2013ರ ಜುಲೈ ತಿಂಗಳಲ್ಲಿ ದೇಶದಲ್ಲೆಲ್ಲ ತಂತಿಸೇವೆ ನಿಂತುಹೋಯಿತು. ಅದಾದ ಹತ್ತು ಹನ್ನೆರಡು ವರ್ಷಗಳಲ್ಲಿ ಇಲ್ಲಿ ಕಾಲ ಎಷ್ಟು ಉರುಳಿತೆಂದರೆ, ತಂತಿಯೆಂದರೆ ಬೇಲಿಯ ತಂತಿಯೆಂದೇ ಮಕ್ಕಳು ತಿಳಿದಿದ್ದಾರೆ.

ಈ ಸುತ್ತಿನ ಒಬ್ಬ ಯಜಮಾನರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೆಸರು ಬೇಡ; ಅಂಥವರು ಈ ಬೆಟ್ಟಗಳಲ್ಲಿ ಹೋಬಳಿಗೆ ನೂರು ಜನರಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಆರೇಳು ಎಕರೆ ಕಾಫಿ, ಅದರ ಮರಗಳಿಗೆ ಹಬ್ಬಿಸಿದ ಮೆಣಸು, ಕೆಳಗೆ ಹಳ್ಳದ ಬದಿಯಲ್ಲಿ ಏಲಕ್ಕಿಯ ನಾಲ್ಕು ಬುಡ. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಕಡಿಮೆಯವೇ ಆದ್ದರಿಂದ, ಕಾಫಿ ಬೆಳೆಗಾರನೆಂದರೆ ಜೀಪು, ಬಂದೂಕು, ಬಂಗಲೆಯ ಚಿತ್ರವನ್ನು ಕಲ್ಪಿಸಿಕೊಳ್ಳುವ ವಾಚಕರು ಅದನ್ನು ಈಗಲೇ ಅಳಿಸಿಬಿಡುವುದು ಒಳ್ಳೆಯದು. ಯಜಮಾನರಿಗೆ ಇರುವುದು ಒಂದು ಸಿಮೆಂಟಿನ ಕಣ, ಒಂದು ಹಳೆಯ ಪಲ್ಪರ್ ಯಂತ್ರ, ನಾಲ್ಕು ಲೈನ್ ಮನೆಗಳು, ಮತ್ತು ಬೆಂಗಳೂರಿನಲ್ಲಿ ಕಂಪ್ಯೂಟರ್ ಓದಿ ತೋಟ ನೋಡಿಕೊಳ್ಳುತ್ತೇನೆಂದು ಹಿಂದಿರುಗಿ ಬಂದಿರುವ ಒಬ್ಬ ಮೊಮ್ಮಗ.

ಅವರ ತಂದೆಯ ಕಾಲದಲ್ಲಿ ಬೆಳೆಗಾರನಿಗೆ ದರದ ಚಿಂತೆಯೇ ಇರಲಿಲ್ಲ. ಏಕೆಂದರೆ ದರದಲ್ಲಿ ಅವನ ಮಾತೇ ನಡೆಯುತ್ತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬೆಳೆಗಾರರನ್ನು ಉಳಿಸಲೆಂದು ಪೂಲ್ ವ್ಯವಸ್ಥೆ ಹುಟ್ಟಿತು. 1942ರ ಕಾಫಿ ಕಾಯಿದೆ ಅದನ್ನು ಗಟ್ಟಿಮಾಡಿತು. ಮನೆಖರ್ಚಿಗೆ, ಬಿತ್ತನೆಗೆ ಬೇಕಾದಷ್ಟನ್ನು ಬಿಟ್ಟು ಮಿಕ್ಕ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಮಾರಿದಂತೆ ಹಣ ಕಂತುಕಂತಾಗಿ ಬರಬೇಕು. ಒಂದು ವರ್ಷದ ಬೆಳೆಯ ಕೊನೆಯ ಕಂತು ಬರುವ ಹೊತ್ತಿಗೆ ಮುಂದಿನ ಬೆಳೆ ಕಣದಲ್ಲಿ ಒಣಗುತ್ತಿರುತ್ತಿತ್ತು. 1992ರಲ್ಲಿ ಬೆಳೆಯ ಒಂದು ಪಾಲನ್ನು ತಾನೇ ಮಾರಿಕೊಳ್ಳುವ ಅನುಮತಿ ಬೆಳೆಗಾರನಿಗೆ ಸಿಕ್ಕಿತು. 1996ರ ಹೊತ್ತಿಗೆ ಪೂಲ್ ವ್ಯವಸ್ಥೆ ಪೂರ್ತಿಯಾಗಿ ಕೊನೆಗೊಂಡಿತು. ಬೆಳೆಗಾರ ಸ್ವತಂತ್ರನಾದ. ಆದರೆ ಲೋಕದ ಬೆಲೆಯೇನೆಂಬುದು ಗೊತ್ತಿಲ್ಲದ ಸ್ವಾತಂತ್ರ್ಯವದು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟುಹೋದಾಗ ಜಗತ್ತಿನ ಬೆಲೆ ಹಾರಿತು. ಗುಡ್ಡದ ಮೇಲೆ ಅದರ ಮೊದಲ ಕುರುಹು ಪತ್ರಿಕೆಯಲ್ಲ; ಎಂದೂ ಮನೆಗೆ ಬಾರದ ವ್ಯಾಪಾರಿ ತಾನಾಗಿಯೇ ಜಗುಲಿಗೆ ಬಂದು ಕುಳಿತು ಮಕ್ಕಳ ಯೋಗಕ್ಷೇಮ ವಿಚಾರಿಸಿದ್ದು. "ಯೋಗಕ್ಷೇಮ ಕೇಳಿದರೆ ದರ ಏರಿದೆ ಅಂತಲೇ ಲೆಕ್ಕ," ಎಂದು ಯಜಮಾನರು ಈಗಲೂ ನಗುತ್ತಾರೆ. ಅಂದು ನಗು ಬಂದಿರಲಾರದು.

2021ರ ಜುಲೈಯಲ್ಲಿ ಬ್ರೆಜಿಲಿನಲ್ಲಿ ಮತ್ತೊಮ್ಮೆ ಹಿಮ ಬಿತ್ತು. ಈ ಸಲ ಸುಟ್ಟ ಗಿಡಗಳ ಚಿತ್ರಗಳು ದಿನದೊಳಗೇ ಫೋನಿನಲ್ಲಿ ಬಂದವು. ಅರೇಬಿಕಾಕ್ಕೆ ನ್ಯೂಯಾರ್ಕಿನಲ್ಲಿ ಒಂದು ಪೌಂಡಿಗೆ ಎಷ್ಟು ಸೆಂಟು, ರೊಬಸ್ಟಾಕ್ಕೆ ಲಂಡನ್ನಿನಲ್ಲಿ ಒಂದು ಟನ್ನಿಗೆ ಎಷ್ಟು ಡಾಲರು ಎಂಬುದು ಈಗ ಯಜಮಾನರಿಗೆ ಬಾಯಿಪಾಠ. ಕುಯ್ಲಿನ ಕಾಲವಾದ ಚಳಿಗಾಲದಲ್ಲಿ ಲಂಡನ್ನಿನ ವ್ಯಾಪಾರ ಮುಗಿಯುವುದು ಇಲ್ಲಿನ ರಾತ್ರಿ ಹನ್ನೊಂದರ ಸುಮಾರಿಗೆ. ನ್ಯೂಯಾರ್ಕಿನದು ನಡುರಾತ್ರಿಯ ಹೊತ್ತಿಗೆ. ಎಂಟು ಗಂಟೆಗೆ ಊಟ ಮಾಡಿ ಒಂಬತ್ತಕ್ಕೆ ದೀಪ ಆರಿಸುತ್ತಿದ್ದ ಮನೆಯಲ್ಲಿ ಈಗ ಹಿರಿಯರೊಬ್ಬರು ಕಂಬಳಿಯೊಳಗೆ ಫೋನು ಹಿಡಿದುಕೊಂಡು, ಎಂದೂ ಕಾಣದ ಎರಡು ನಗರಗಳು ಕದ ಹಾಕುವುದನ್ನು ಕಾಯುತ್ತಾರೆ. "ನಿದ್ದೆ ಮಾಡಿ ಅಂದ್ರೆ ಕೇಳಲ್ಲ, ಲಂಡನ್ನಿಗೆ ಇವರೇ ಕಾವಲು," ಎಂಬುದು ಮನೆಯಾಕೆಯ ದೂರು.

ತಿಳಿದದ್ದರಿಂದ ಲಾಭವಾಯಿತೆ? ಆಗಿದೆ, ಇಲ್ಲವೆಂದರೆ ಅಪಚಾರವಾದೀತು. ಇಂದು ಯಾವ ವ್ಯಾಪಾರಿಯೂ ಹೆಗ್ಗದ್ದೆಯ ಜಗುಲಿಯಲ್ಲಿ ಕುಳಿತು ಹಳೆಯ ದರ ಹೇಳಲಾರ. ಆದರೆ ತಿಳಿವಳಿಕೆಗೂ ಒಂದು ಎಲ್ಲೆಯಿದೆ. ರೊಬಸ್ಟಾ ಚೆರಿಯ ಬೆಲೆ ನಿಂತಿರುವುದು ಔಟ್‌ಟರ್ನಿನ ಮೇಲೆ. ಅಂದರೆ ಐವತ್ತು ಕಿಲೋ ಒಣಹಣ್ಣಿನ ಸಿಪ್ಪೆ ಸುಲಿದರೆ ಎಷ್ಟು ಕಿಲೋ ಬೀಜ ಸಿಗುತ್ತದೆಂಬ ಲೆಕ್ಕದ ಮೇಲೆ. ಇಪ್ಪತ್ತಾರೋ ಇಪ್ಪತ್ತೆಂಟೋ ಎಂಬುದನ್ನು ನಿರ್ಣಯಿಸುವುದು ಕೊಳ್ಳುವವನ ಮಳಿಗೆಯಲ್ಲಿ. ತೇವ ಎಷ್ಟಿದೆಯೆಂದು ಹೇಳುವುದು ಅವನ ಯಂತ್ರ. ಲಂಡನ್ನಿನ ಸುದ್ದಿ ಫೋನಿನಲ್ಲಿ ಬರುತ್ತದೆ; ತನ್ನದೇ ಚೀಲದ ಸುದ್ದಿಗೆ ಮಾತ್ರ ಯಜಮಾನರು ಇನ್ನೊಬ್ಬರ ಬಾಯಿ ನೋಡಬೇಕು. ಮತ್ತೊಂದು ಮಾತು. 2001ರಲ್ಲಿ ನ್ಯೂಯಾರ್ಕಿನ ಅರೇಬಿಕಾ ಬೆಲೆ ಪೌಂಡಿಗೆ ಐವತ್ತು ಸೆಂಟಿಗಿಂತ ಕೆಳಗೆ ಕುಸಿದು ಈ ಬೆಟ್ಟದ ಮನೆಗಳು ಸಾಲದಲ್ಲಿ ಮುಳುಗಿದ್ದವು. 2025ರ ಫೆಬ್ರವರಿಯಲ್ಲಿ ಅದೇ ಬೆಲೆ ನಾಲ್ಕು ಡಾಲರನ್ನು ಮೀರಿ ಹಿಂದಿನ ದಾಖಲೆಗಳನ್ನೆಲ್ಲ ಮುರಿಯಿತು. ಈ ಎರಡನ್ನೂ ಮಾಡಿದವರು ಹೆಗ್ಗದ್ದೆಯವರಲ್ಲ. ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೆ ಎಂಬ ಗಾದೆ ಹಳೆಯದು. ಖಾರ ಅರೆಯುವ ಸದ್ದು ಈಗ ಕೋಳಿಗೂ ಕೇಳಿಸುತ್ತದೆಂಬುದಷ್ಟೇ ಹೊಸದು.

ಭೂಮಿಯ ಕಾಗದಗಳ ಕಥೆ ಇದಕ್ಕಿಂತ ಸಂತೋಷದ್ದು. ವಂಶಪಾರಂಪರ್ಯ ಶಾನುಭೋಗಿಕೆ 1960ರ ದಶಕದಲ್ಲಿ ಕಾನೂನಿನ ಪ್ರಕಾರ ಮುಗಿದರೂ, ಲೆಕ್ಕದ ಪುಸ್ತಕ ಒಬ್ಬರ ಕೈಚೀಲದಲ್ಲಿರುವ ಪದ್ಧತಿ ಮುಗಿದಿರಲಿಲ್ಲ. ಒಂದು ಪಹಣಿಗಾಗಿ ಮೂರು ಸಲ ಗುಡ್ಡ ಇಳಿದು ಹತ್ತುವುದು, ಪುಸ್ತಕದ ಒಡೆಯರು ಮದುವೆಗೆ ಹೋಗಿದ್ದಾರೆಂದು ತಿಳಿಯುವುದು, ಬಾಳೆಗೊನೆಯೊಂದು ಅವರ ಮನೆಯಂಗಳ ಸೇರುವುದು, ಇವೆಲ್ಲ ನಿತ್ಯವಿಧಿಗಳಾಗಿದ್ದವು. 2000–2001ರ ಸುಮಾರಿಗೆ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯ ಮೂಲಕ ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಮೊದಲ ಸಲ ಅದನ್ನು ಪಡೆದ ದಿನ ಯಜಮಾನರು ಸಕಲೇಶಪುರದ ಹೋಟೆಲಿನಲ್ಲಿ ಕುಳಿತು ತಮ್ಮ ಹೆಸರನ್ನು ಎರಡು ಬಾರಿ ಓದಿಕೊಂಡರಂತೆ. ಓದಿದ್ದೇ ಒಳ್ಳೆಯದಾಯಿತು; ತಂದೆಯ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಆ ಒತ್ತಕ್ಷರವನ್ನು ಮರಳಿ ಪಡೆಯಲು ಅವರು ಅಲೆದದ್ದು ಹಳೆಯ ಕಾಲದ ಮೂರು ಸಲಕ್ಕಿಂತ ಹೆಚ್ಚು. ಯಂತ್ರ ಲಂಚ ಕೇಳುವುದಿಲ್ಲವೆಂಬುದು ನಿಜ. ಆದರೆ ಯಂತ್ರಕ್ಕೆ ದಾಕ್ಷಿಣ್ಯವೂ ಇಲ್ಲ. ಪಹಣಿಯಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಅದೇ ಹೆಸರಿನ ಇನ್ನೊಂದು ರೂಪ, ಬ್ಯಾಂಕಿನಲ್ಲಿ ಮೂರನೆಯದು ಇದ್ದರೆ, ಊರೆಲ್ಲ ಒಬ್ಬನೆಂದು ಬಲ್ಲ ಮನುಷ್ಯ ಅದರ ಕಣ್ಣಿಗೆ ಮೂವರಾಗಿ ಕಾಣುತ್ತಾನೆ.

ಈಚೆಗೆ ಭೂಮಿಯ ಲೆಕ್ಕ ಸಮುದ್ರವನ್ನೂ ದಾಟಿದೆ. 2020ರ ಡಿಸೆಂಬರ್ 31ರ ತರುವಾಯ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ ತಮಗೆ ಬೇಡವೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ನಿಯಮ ಮಾಡಿತು. ಕಾಫಿ ಬೆಳೆದ ತುಂಡುನೆಲ ಭೂಮಿಯ ಮೇಲೆ ಎಲ್ಲಿದೆಯೆಂಬುದನ್ನು ಅಕ್ಷಾಂಶ ರೇಖಾಂಶಗಳ ಸಮೇತ ತಿಳಿಸಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿದ್ದರೂ ನಿಯಮ ಹೋಗಿಲ್ಲ; ಭಾರತದ ಕಾಫಿಗೆ ಇಟಲಿ, ಜರ್ಮನಿಗಳು ದೊಡ್ಡ ಗಿರಾಕಿಗಳಾದ್ದರಿಂದ ಅದನ್ನು ಕೇಳದೆ ವಿಧಿಯಿಲ್ಲ. ಮೊಮ್ಮಗ ಫೋನು ಹಿಡಿದು ತೋಟದ ಬೇಲಿಯುದ್ದಕ್ಕೂ ನಡೆದು ಸುತ್ತು ಬಂದ. ಅತ್ತಿ, ಬಸರಿ, ಹಲಸಿನ ನೆರಳಿನಲ್ಲಿ ಕಾಫಿ ಬೆಳೆದುಕೊಂಡು ಬಂದ ತಾತ ಮುತ್ತಾತಂದಿರು ಕಾಡು ಉಳಿಸಿದರೆಂಬ ಮಾತಿಗೆ ಈಗ ಆಕಾಶದಿಂದ ಸಾಕ್ಷಿ ಬೇಕಾಗಿದೆ. "ಗಿಡ ನೆಟ್ಟೋರು ನಾವು, ಸಾಕ್ಷಿ ಹೇಳೋದು ಉಪಗ್ರಹವಾ?" ಎಂದು ಯಜಮಾನರು ಕೇಳಿದ್ದಕ್ಕೆ ಮೊಮ್ಮಗನ ಉತ್ತರ ಸರಳವಾಗಿತ್ತು: "ಅಜ್ಜಯ್ಯ, ಅದು ನಮ್ಮ ಪರವಾಗೇ ಸಾಕ್ಷಿ ಹೇಳುತ್ತೆ. ಹೇಳಿಸದೆ ಇದ್ರೆ ದೊಡ್ಡ ಎಸ್ಟೇಟಿನವರ ಕಾಫಿ ಹೋಗುತ್ತೆ, ನಮ್ಮದು ಇಲ್ಲೇ ಉಳಿಯುತ್ತೆ."

ಇನ್ನು ಬಟವಾಡೆಯ ಮಾತು. ತೋಟದ ನಾಡಿನಲ್ಲಿ ಬಟವಾಡೆಯ ದಿನಕ್ಕೆ ಹಬ್ಬದ ಕಳೆಯಿತ್ತು. ಸಂತೆಯ ಹಿಂದಿನ ಸಂಜೆ ರೈಟರು ಹಾಜರಿ ಪುಸ್ತಕ ಬಿಚ್ಚಿ ಹೆಸರು ಕೂಗುವುದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ಮುಂಗಡದ ಬಾಕಿ ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಡುವುದು. ಆ ಹಣದಲ್ಲಿ ಎಷ್ಟು ಪಾಲು ಸಂತೆಯ ಅಕ್ಕಿ ಉಪ್ಪಿಗೆ, ಎಷ್ಟು ಪಾಲು ಸಾರಾಯಿ ಅಂಗಡಿಗೆ ಎಂಬುದು ಅದು ಯಾರ ಕೈಗೆ ಬಂತೆಂಬುದರ ಮೇಲೆ ನಿಂತಿತ್ತು. 2016ರ ಏಪ್ರಿಲ್‌ನಲ್ಲಿ ಯು.ಪಿ.ಐ. ಎಂಬ ವ್ಯವಸ್ಥೆ ಆರಂಭವಾಯಿತು. ಅದೇ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದಾಗ ಎಣಿಸಿಕೊಡಲು ನೋಟೇ ಇಲ್ಲದ ತೋಟಗಳು ಬೇರೆ ದಾರಿ ಹುಡುಕಬೇಕಾಯಿತು. 2025ರ ಆಗಸ್ಟ್ ತಿಂಗಳೊಂದರಲ್ಲೇ ದೇಶದ ಜನ ಈ ದಾರಿಯಲ್ಲಿ ಎರಡು ಸಾವಿರ ಕೋಟಿ ಸಲ ಹಣ ದಾಟಿಸಿದರು. ಅಸ್ಸಾಂ, ಬಂಗಾಳಗಳಿಂದ ಕಾಫಿ ಕುಯ್ಯಲು ಬಂದ ಹುಡುಗರು ಶನಿವಾರದ ಕೂಲಿಯನ್ನು ಶನಿವಾರವೇ ತಾಯಿಗೆ ಮುಟ್ಟಿಸುತ್ತಾರೆ. ಮನಿಯಾರ್ಡರಿನ ಕಾಲದಲ್ಲಿ ಅದು ಪಕ್ಷದ ಮಾತು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ರೂಪಾಯಿ ನೇರವಾಗಿ ಮನೆಯ ಹೆಂಗಸಿನ ಖಾತೆಗೆ ಬೀಳುವುದರಿಂದ, ಲೈನ್ ಮನೆಯ ಗೃಹಿಣಿಗೆ ಗಂಡನ ಜೇಬನ್ನು ಮೀರಿದ ಒಂದು ಲೆಕ್ಕ ಹುಟ್ಟಿದೆ. ಇದು ಸಣ್ಣ ಬದಲಾವಣೆಯಲ್ಲ.

ಆದರೂ ಹಣ ಕಣ್ಣಿಗೆ ಕಾಣದಿರುವುದು ಎಲ್ಲರಿಗೂ ಹಿತವಾಗಿಲ್ಲ. 2025ರ ಜುಲೈಯಲ್ಲಿ ಯು.ಪಿ.ಐ. ಲೆಕ್ಕವನ್ನು ಹಿಡಿದು ರಾಜ್ಯದ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ, ಬೆಂಗಳೂರಿನ ಅಂಗಡಿಗಳಲ್ಲಿ ನಗದು ಮಾತ್ರ ಎಂಬ ಫಲಕಗಳು ಎದ್ದವು. ಗದ್ದಲವಾದ ಮೇಲೆ ಸರ್ಕಾರ ಪಟ್ಟು ಸಡಿಲಿಸಿತು. ಆ ಗಾಳಿ ಗುಡ್ಡಕ್ಕೂ ಬೀಸಿ, ಸಂತೆಯಲ್ಲಿ ಒಣಮೀನು ಮಾರುವವಳೂ ತಿಂಗಳ ಕಾಲ ಚೌಕುಳಿ ಚೀಟಿಯನ್ನು ಬುಟ್ಟಿಯ ಕೆಳಗೆ ಬಚ್ಚಿಟ್ಟಳಂತೆ. ಸಿಗ್ನಲಿನ ಪಾಡಂತೂ ಬೇರೆ. ಹೆದ್ದಾರಿಯ ಬದಿಯಲ್ಲಿ ಧಾರಾಳವಾಗಿ ಸಿಗುವ ಅದು ಹಳ್ಳಕ್ಕಿಳಿದರೆ ಮಾಯ. ಲೈನ್ ಮನೆಗಳ ಮೇಲ್ಗಡೆ ಒಂದು ಬಂಡೆಯಿದೆ. ಹಿಂದೆ ಅಲ್ಲಿ ಚೌಡಮ್ಮನಿಗೆ ಕುಂಕುಮ ಹಚ್ಚುತ್ತಿದ್ದರು. ಈಗ ಸಂಜೆಯ ಹೊತ್ತು ಹುಡುಗರು ಆ ಬಂಡೆಯ ಮೇಲೆ ಸಾಲಾಗಿ ನಿಂತು ಫೋನುಗಳನ್ನು ಆಕಾಶಕ್ಕೆ ಎತ್ತಿ ಹಿಡಿಯುವುದನ್ನು ಕಂಡವರು ದೇವಿಗೆ ಹೊಸ ಬಗೆಯ ಆರತಿ ನಡೆಯುತ್ತಿದೆಯೆಂದುಕೊಂಡರೆ ತಪ್ಪಿಲ್ಲ.

ಬೆಲೆಯ ಸುದ್ದಿ ತಪ್ಪಿದರೆ ಹಣ ಹೋದೀತು. ಪಹಣಿಯ ಸುದ್ದಿ ತಪ್ಪಿದರೆ ನೆಲ ಹೋದೀತು. ಮೂರನೆಯ ಸುದ್ದಿ ತಪ್ಪಿದರೆ ಹೋಗುವುದು ಜೀವ.

ಸಕಲೇಶಪುರ, ಆಲೂರುಗಳ ಬೆಟ್ಟದಲ್ಲಿ ಆನೆ ಹೊಸದಲ್ಲ. ಆನೆಮಹಲೆಂಬ ಊರಿನ ಹೆಸರೇ ಅದಕ್ಕೆ ಪುರಾವೆ. ಆದರೆ ಅದು ತೋಟಗಳಲ್ಲಿಯೇ ಬೀಡುಬಿಟ್ಟದ್ದು ಈಚಿನ ಕಥೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರು ಹರಡಿತು, ಕಾಡು ಚೂರುಚೂರಾಯಿತು. ಉಳಿದ ಚೂರುಗಳ ನಡುವೆ ಆನೆಗೆ ನೆರಳು, ನೀರು, ಹಲಸು, ಬಾಳೆ, ಭತ್ತ ಎಲ್ಲವೂ ಸಿಗುವ ತಾಣವೆಂದರೆ ಕಾಫಿ ತೋಟವೇ. 2014ರಲ್ಲಿ ಆಲೂರು–ಸಕಲೇಶಪುರ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಇಷ್ಟಾದರೂ ತೆರವಾದ ಜಾಗ ತೆರವಾಗಿ ಉಳಿಯಲಿಲ್ಲ. ಬೇರೆ ಆನೆಗಳು ಬಂದವು, ಇದ್ದವು ಮರಿಹಾಕಿದವು. ಆನೆ ನಡೆದದ್ದೇ ದಾರಿಯೆಂಬ ಮಾತು ಉಪಮೆಯಾಗಿ ಕಿವಿಗೆ ಇಂಪಾಗಿದೆ. ಬೆಳಗಿನ ಮಂಜಿನಲ್ಲಿ ಬುತ್ತಿ ಹಿಡಿದು ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುವವರಿಗೆ ಅದು ಉಪಮೆಯಲ್ಲ.

ಆನೆಯಿಂದ ಸತ್ತವರಲ್ಲಿ ಬಹುಮಂದಿಗೆ ಆನೆ ಹತ್ತಿರದಲ್ಲಿದೆಯೆಂಬುದೇ ತಿಳಿದಿರಲಿಲ್ಲವೆಂಬುದನ್ನು ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಕೆಲಸಮಾಡಿದ ಸಂಶೋಧಕರು ಕಂಡುಕೊಂಡರು. ಹಾಗಾದರೆ ತಿಳಿಸಿದರೆ ಸಾಕಲ್ಲ ಎಂಬ ಸರಳವಾದ ಯೋಚನೆಯಿಂದ ಅಲ್ಲಿ ಫೋನಿಗೆ ಸಂದೇಶ, ಕೇಬಲ್ ದೂರದರ್ಶನದಲ್ಲಿ ಸುದ್ದಿ, ಎತ್ತರದ ಕಂಬಗಳಲ್ಲಿ ಫೋನಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪ ಇವೆಲ್ಲ ಬಂದವು. ಆ ಕೆಲಸಕ್ಕಾಗಿ ಎಂ. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ದೊರೆಯಿತು. ಅದೇ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸಂಸ್ಥೆ ಅರಣ್ಯ ಇಲಾಖೆಯ ಜೊತೆಗೂಡಿ 2017ರಿಂದ ಹಾಸನ ಜಿಲ್ಲೆಯ ಈ ಬೆಟ್ಟಗಳಲ್ಲಿ ಇಂಥ ಏರ್ಪಾಟನ್ನು ಹಬ್ಬಿಸಿತು. ಜಾಡು ಹಿಡಿದು ಹೋಗುವ ಕಾವಲಿನ ಹುಡುಗರು ತಿಳಿಸಿದ ಸುದ್ದಿ ಸುತ್ತಿನ ಊರುಗಳ ಫೋನುಗಳಿಗೆ ಹೋಗುತ್ತದೆ. ರಸ್ತೆಬದಿಯ ಫಲಕದಲ್ಲಿ ಅಕ್ಷರಗಳು ಹೊತ್ತಿಕೊಳ್ಳುತ್ತವೆ. 2018ರ ಸುಮಾರಿನಿಂದ ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರ್ ಬಿದ್ದಿತು. ಆ ಪಟ್ಟಿ ಉಪಗ್ರಹಗಳ ಸಹಾಯದಿಂದ ತಾನಿರುವ ಎಡೆಯನ್ನು ಲೆಕ್ಕಹಾಕಿ ಗಂಟೆಗಂಟೆಗೂ ವರದಿ ಒಪ್ಪಿಸುತ್ತದೆ. ಭುವನೇಶ್ವರಿ, ಬೀಟಮ್ಮ, ಭೀಮ, ಕ್ಯಾಪ್ಟನ್ ಎಂಬ ಹೆಸರುಗಳು ಈಗ ಇಲ್ಲಿ ನೆಂಟರ ಹೆಸರುಗಳಷ್ಟೇ ಬಳಕೆಯಲ್ಲಿವೆ. ನೆಂಟರಿಗಿಂತ ಒಂದು ಗುಣ ಹೆಚ್ಚು, ಬರುವ ಮುನ್ನ ತಿಳಿಸಿ ಬರುತ್ತಾರೆ.

ಕೊರಳ ಪಟ್ಟಿ ತಾನಾಗಿ ಹೋಗಿ ಆನೆಯ ಕೊರಳನ್ನು ಸುತ್ತಿಕೊಳ್ಳುವುದಿಲ್ಲವೆಂಬುದನ್ನು ಮರೆಯಬಾರದು. ಸಾಕಿದ ಆನೆಗಳು, ಮಾವುತರು, ಕಾವಾಡಿಗಳು, ಅರವಳಿಕೆ ಬಂದೂಕಿನ ವೈದ್ಯರು ಕಾಡಿಗೆ ನುಗ್ಗಬೇಕು. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ, ಸಲಗವೊಂದರ ಜೊತೆ ಕಾದಾಡಿ ಪ್ರಾಣಬಿಟ್ಟಿತು. ಫೋನಿನ ಗಾಜಿನ ಮೇಲೆ ಚುಕ್ಕಿಯಾಗಿ ಮಿನುಗುವ ಸುದ್ದಿಯ ಹಿಂದೆ ಇಂಥ ಬೆಲೆಯೂ ಇದೆ.

ಹೆಗ್ಗದ್ದೆಯ ಯಜಮಾನರ ತೋಟಕ್ಕೂ ಸಂದೇಶಗಳು ಬರುತ್ತವೆ. ಮೊದಮೊದಲು ಅದು ಅವರ ಫೋನಿಗೂ ಮೊಮ್ಮಗನ ಫೋನಿಗೂ ಬರುತ್ತಿತ್ತು. ಇಬ್ಬರೂ ಓದಿ, ಜೀಪಿನಲ್ಲಿ ಹೋಗುವಾಗ ಎಚ್ಚರವಾಗಿರುತ್ತಿದ್ದರು. ಒಂದು ವರ್ಷ ಕುಯ್ಲಿನ ನಡುವೆ, ಹಳ್ಳದ ಕೆಳಗಿನ ಕಾಲುದಾರಿಯಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳಿಗೆ ಬಿದಿರ ಮೆಳೆಯ ಪಕ್ಕದಲ್ಲಿ ಆನೆ ಕಂಡಿತು. ಬುತ್ತಿ ಎಸೆದು ಓಡಿ ಬದುಕಿಕೊಂಡಳು. ಮೊಣಕಾಲು ತರಚಿಕೊಂಡು ಏದುಸಿರು ಬಿಡುತ್ತ ಕಣಕ್ಕೆ ಬಂದವಳನ್ನು ಕೂರಿಸಿ ನೀರು ಕೊಟ್ಟ ಯಜಮಾನರು, "ಏನಮ್ಮ, ಬೆಳಿಗ್ಗೆ ಐದು ಗಂಟೆಗೇ ಮೆಸೇಜು ಬಂದಿತ್ತಲ್ಲ, ನೋಡಲಿಲ್ವಾ?" ಎಂದರು.

"ನನ್ ತಾವ ಎಲ್ಲೈತೆ ಗೌಡ್ರೇ ಫೋನು? ಇರೋದೊಂದು, ಅದು ಮನೆಯವರ ಜೇಬಲ್ಲಿ. ಅವರು ರಾತ್ರೀನೇ ಲಾರಿ ಲೋಡಿಗೆ ಹೋದ್ರು," ಎಂದಳು ಅವಳು. ಸ್ವಲ್ಪ ತಡೆದು, "ಆನೆ ಬಂದೈತೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು.

ಗೊತ್ತಿತ್ತು. ಅದೇ ಆ ಬೆಳಗಿನ ಕಷ್ಟ. ಹಿಂದಿನ ಕಾಲದಲ್ಲಿ ಗೊತ್ತಿಲ್ಲವೆನ್ನಬಹುದಾಗಿತ್ತು. ಆನೆಯ ವಿಷಯದಲ್ಲಿ ಯಜಮಾನನೂ ಆಳೂ ಸಮಾನರಾಗಿದ್ದರು. ಈಗ ಒಬ್ಬರಿಗೆ ಗೊತ್ತಿದೆ, ಇನ್ನೊಬ್ಬರಿಗೆ ಗೊತ್ತಿಲ್ಲ; ಗೊತ್ತಿರುವವರು ಜೀಪಿನಲ್ಲಿ ಹೋಗುತ್ತಾರೆ, ಗೊತ್ತಿಲ್ಲದವರು ಕಾಲುನಡಿಗೆಯಲ್ಲಿ ಬರುತ್ತಾರೆ. ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಉಪಗ್ರಹದಿಂದ ಯಜಮಾನರ ದಿಂಬಿನವರೆಗೆ ಕ್ಷಣದಲ್ಲಿ ಬಂದ ಸುದ್ದಿ, ದಿಂಬಿನಿಂದ ಲೈನ್ ಮನೆಯವರೆಗಿನ ಇನ್ನೂರು ಗಜ ಹೋಗಿರಲಿಲ್ಲ. ಅದರಲ್ಲಿಯೂ ಬಂಗಾಳದಿಂದ ಬಂದವರಿಗೆ ಕನ್ನಡದ ಸಂದೇಶ ಓದಲು ಬಾರದು. ಕೆಲವರ ಫೋನಿನಲ್ಲಿ ಹಣ ಮುಗಿದಿರುತ್ತದೆ. ಹಳ್ಳದ ಮನೆಗೆ ಸಿಗ್ನಲೇ ಇಲ್ಲ.

ಪಲ್ಪರ್ ಮನೆಯ ಮೂಲೆಯಲ್ಲಿ ರೈಲುಕಂಬಿಯ ಒಂದು ತುಂಡು ತುಕ್ಕುಹಿಡಿದು ಬಿದ್ದಿತ್ತು. ಹಿಂದೆ ಆಳುಗಳನ್ನು ಕೆಲಸಕ್ಕೆ ಕರೆಯಲು ಅದನ್ನು ಹೊಡೆಯುತ್ತಿದ್ದರು. ಕೈಗಡಿಯಾರ ಬಂದ ಮೇಲೆ ಅದು ಮೂಲೆ ಸೇರಿತ್ತು. ಯಜಮಾನರು ಅದನ್ನು ಲೈನ್ ಮನೆಗಳ ಮುಂದಿನ ಹಲಸಿನ ಕೊಂಬೆಗೆ ಕಟ್ಟಿಸಿದರು. ಸಂದೇಶ ಬಂದೊಡನೆ ಮನೆಯಿಂದ ಒಬ್ಬರು ಟಾರ್ಚು ಹಿಡಿದು ಹೋಗಿ ಅದನ್ನು ಬಿಟ್ಟುಬಿಟ್ಟು ಮೂರು ಸಲ ಹೊಡೆಯಬೇಕು. ಅದಕ್ಕೆ ಭಾಷೆ ಬೇಡ, ಸಿಗ್ನಲ್ ಬೇಡ. ಹಳ್ಳದ ಮನೆಗೂ ಅದರ ಸದ್ದು ಕೇಳುತ್ತದೆ. ಕಂಬಿ ಮೊಳಗಿದರೆ ಯಾರೂ ಹೊರಡುವುದಿಲ್ಲ. ಬಿಸಿಲೇರಿ ಆನೆ ಮೇಲಿನ ಕಾಡು ಸೇರಿತೆಂಬ ಎರಡನೆಯ ಸುದ್ದಿ ಬಂದ ಮೇಲೆ ಕೆಲಸ ಆರಂಭ.

ಅಲ್ಲಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಎಂಟಕ್ಕೆ ಆರಂಭವಾಗಬೇಕಾದ ಕುಯ್ಲು ಹತ್ತೂವರೆಗೆ ಆರಂಭವಾದರೆ ನಡುವಣ ಕೂಲಿ ಯಾರ ಲೆಕ್ಕಕ್ಕೆ? ತೂಕದ ಮೇಲೆ ಕುಯ್ಯುವವರಿಗೆ ಕೈಗೆ ಬರುವ ಹಣ್ಣೇ ಕಡಿಮೆ. ಕೂಲಿ ಹೋಗುತ್ತದೆಂದಾದರೆ ಕಂಬಿಯ ಸದ್ದು ಕೇಳಿಯೂ ಕೇಳದವರಂತೆ ಕಾಲುದಾರಿ ಹಿಡಿಯುವವರಿದ್ದಾರೆ. ಹೊಟ್ಟೆಯ ಸುದ್ದಿ ಆನೆಯ ಸುದ್ದಿಗಿಂತ ಮೊದಲು ತಲಪುತ್ತದೆ. ಮೊಮ್ಮಗ ಹಾಜರಿಯನ್ನು ಈಗ ಫೋನಿನಲ್ಲಿಯೇ ಬರೆಯುತ್ತಾನೆ. ಪೂರ್ತಿ ದಿನ, ಅರ್ಧ ದಿನ, ಗೈರು ಎಂದು ಅದರಲ್ಲಿ ಮೂರು ಮನೆಗಳು.

"ಎರಡೂವರೆ ಗಂಟೆ ಹೋದ್ರೆ ಅರ್ಧ ದಿನ ಅಂತ ತೋರಿಸುತ್ತೆ ಅಜ್ಜಯ್ಯ. ಆನೆಗೆ ಅಂತ ಇದರಲ್ಲಿ ಬೇರೆ ಕಾಲಮ್ಮು ಇಲ್ಲ."

"ಇಲ್ಲದಿದ್ರೆ ಪುಸ್ತಕದಲ್ಲಿ ಗೆರೆ ಎಳಿ, ಮಗ. ಅವರು ಬರಲ್ಲ ಅಂತ ಕೂತ್ಕೊಂಡಿಲ್ಲ. ನಾವು ಬರಬೇಡಿ ಅಂತ ಕೂರಿಸಿದ್ದು."

ಹಾಗೆ ರೈಟರ ಕಾಲದ ಹಳೆಯ ಹಾಜರಿ ಪುಸ್ತಕ ಬೀರುವಿನಿಂದ ಹೊರಬಂದಿತು. ಅದರ ಕೊನೆಯ ಅಂಕಣದ ನೆತ್ತಿಯಲ್ಲಿ ಯಜಮಾನರ ಅಕ್ಷರದಲ್ಲಿ 'ಆನೆ' ಎಂದು ಬರೆದಿದೆ. ಕಂಬಿ ಮೊಳಗಿದ ದಿನ ಆ ಅಂಕಣದಲ್ಲಿ ಎಲ್ಲರ ಹೆಸರಿನ ಮುಂದೆಯೂ ಗುರುತು ಬೀಳುತ್ತದೆ. ಬಟವಾಡೆಯ ದಿನ ಮೊಮ್ಮಗ ಫೋನಿನ ಲೆಕ್ಕಕ್ಕೆ ಅದನ್ನು ಕೂಡಿಸಿ ಹಣ ಕಳಿಸುತ್ತಾನೆ. ಒಂದು ಕುಯ್ಲಿನಲ್ಲಿ ಅಂಥ ದಿನಗಳು ಒಂಬತ್ತು ಬಂದವು. ಒಂಬತ್ತು ದಿನಗಳ ಆ ಹೆಚ್ಚಿನ ಕೂಲಿ ಸಣ್ಣ ತೋಟಕ್ಕೆ ಹಗುರವಲ್ಲ. ಮನೆಯಾಕೆ ಅದನ್ನು ನೆನಪಿಸದೆ ಬಿಡುವುದೂ ಇಲ್ಲ. ಆದರೆ ಆ ಕುಯ್ಲಿನಲ್ಲಿ, ಕಂಬಿಯ ಸದ್ದು ಕೇಳಿದ ಮೇಲೆ ಹಳ್ಳದ ಕಾಲುದಾರಿಯಲ್ಲಿ ಯಾರೂ ನಡೆಯಲಿಲ್ಲ.